ಮಾವನ ಕ್ಯಾಲೆಂಡರಲ್ಲಿ "2-40", "ಹೊ", "ಮಂ", "ಚಿ" ಅಂತೆಲ್ಲ ಬರೆದಿದಾರೆ, ಯಾರಿಗಾದ್ರೂ ಅರ್ಥ ಆಗುತ್ತಾ?

ಹರಿಹರದ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಹರಿಹರದಲ್ಲಿ, ಮದುವೆ ಆಗಿ ತೀರ್ಥಹಳ್ಳಿ ಹತ್ರ ಒಂದು ಹಳ್ಳಿಗೆ ಬಂದು ಒಂಬತ್ತು ವರ್ಷ ಆಯ್ತು. ನಮ್ಮ ಮಾವ ಈ ಸಲ ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ ತೀರಿಕೊಂಡ್ರು. ಅವರಿಗೆ ಒಂದು ಅಭ್ಯಾಸ ಇತ್ತು, ಮಳೆಗಾಲ ಶುರುವಾದ್ರೆ ದಿನಾ ಬೆಳಿಗ್ಗೆ ಕಾಫಿ ಕುಡಿದು ಕಂಬಳಿಕೊಪ್ಪೆ ಹಾಕ್ಕೊಂಡು ಅಂಗಳದ ಮೂಲೇಲಿ ಗೂಟಕ್ಕೆ ಕಟ್ಟಿರೋ ಮಳೆ ಅಳೆಯೋ ಡಬ್ಬಿ ನೋಡೋಕೆ ಹೋಗೋರು, ಬಂದು ಗೋಡೆ ಕ್ಯಾಲೆಂಡರಲ್ಲಿ ಆ ತಾರೀಖಿನ ಚೌಕದೊಳಗೆ ಪೆನ್ಸಿಲಲ್ಲಿ ಏನೋ ಬರೆಯೋರು. ಹಳೇ ಕ್ಯಾಲೆಂಡರ್ ಒಂದನ್ನೂ ಬಿಸಾಕಿಲ್ಲ, ಸುತ್ತಿ ದಾರ ಕಟ್ಟಿ ಅಟ್ಟದ ಮೇಲೆ ಇಟ್ಟಿದಾರೆ, 2004ರಿಂದ ಹಿಡಿದು ಎಲ್ಲಾ ಇದೆ.

ಜೂನ್ ಒಂದನೇ ತಾರೀಖು ಬೆಳಿಗ್ಗೆ ಆ ಡಬ್ಬಿ ಖಾಲಿ ನಿಂತಿದ್ದು ನೋಡಿ ನಂಗೆ ತಡೆಯೋಕಾಗಲಿಲ್ಲ, ಇನ್ನು ಮೇಲೆ ನಾನೇ ಬರೀತೀನಿ ಅಂತ ಶುರು ಮಾಡಿದೆ. ಆದ್ರೆ ಅವರು ಬರೆದಿದ್ದು ಅರ್ಧ ಅರ್ಥಾನೇ ಆಗ್ತಿಲ್ಲ. ಒಂದು ದಿನ "2-40" ಅಂತ ಇದೆ, ಇನ್ನೊಂದು ದಿನ "0-45", 2019ರ ಆಗಸ್ಟಲ್ಲಿ ಒಂದು ದಿನ "7-85" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದಾರೆ. ಕೆಲವು ದಿನ ಮೂಲೇಲಿ "ಹೊ" ಅಂತ ಬರೆದು ಸುತ್ತ ಸೊನ್ನೆ ಹಾಕಿದಾರೆ, ಕೆಲವು ಕಡೆ "ಮಂ", ಮತ್ತೆ ಕೆಲವು ಕಡೆ "ಚಿ". "ಕಳಲೆ" (ಎಳೆ ಬಿದಿರಿನ ಮೊಳಕೆ), "ಗಂಗೆ ಕರು ಹಾಕಿತು", "ಮೊದಲ ಅಣಬೆ" ಇಂಥವು ಓದಿದ್ರೆ ಗೊತ್ತಾಗುತ್ತೆ, ಈ ಒಂದೊಂದಕ್ಷರದ್ದೇ ಕಷ್ಟ. ನಮ್ಮನೆಯವರಿಗೂ ಗೊತ್ತಿಲ್ಲ, ಅವರು ಓದಿದ್ದೆಲ್ಲ ಶಿವಮೊಗ್ಗದ ಹಾಸ್ಟೆಲಲ್ಲಿ ಇದ್ಕೊಂಡು. ಅತ್ತೆನ ಕೇಳಬಹುದಿತ್ತು, ಆದ್ರೆ ಕ್ಯಾಲೆಂಡರ್ ಮಾತು ಎತ್ತಿದ್ರೆ ಸಾಕು ಅವರು ಎದ್ದು ಒಳಗೆ ಹೋಗಿಬಿಡ್ತಾರೆ, ಅದಕ್ಕೆ ಸುಮ್ನಿದೀನಿ.

ಇನ್ನೊಂದು ವಿಷಯ. ಡಬ್ಬಿ ಮೇಲಿನ ಗುರುತೆಲ್ಲ ಅಳಿಸಿಹೋಗಿದೆ. ನಾನು ಸ್ಟೀಲ್ ಸ್ಕೇಲ್ ಇಳಿಬಿಟ್ಟು ನೋಡಿ ಬರೀತಿದೀನಿ, ಇದು ಸರಿನಾ? ನೀವೂ ಮನೇಲಿ ಹೀಗೆ ದಿನದ ಲೆಕ್ಕ ಬರೆದಿಡ್ತೀರಾ, ಬರೆದ್ರೆ ಮಳೆ ಬಿಟ್ಟು ಬೇರೆ ಏನೇನು ಬರೀತೀರ, ಅದನ್ನೂ ಹೇಳಿ.

ನಮ್ಮಪ್ಪ ಹರಿಹರದಲ್ಲಿ ದಿನಾ ಪೇಪರ್ ಬಿಚ್ಚಿದ ತಕ್ಷಣ ನೋಡೋದು ಭದ್ರಾ ಡ್ಯಾಮಿನ ಮಟ್ಟ, 186 ಅಡಿ ತುಂಬೋವರೆಗೂ ಅವರಿಗೆ ಸಮಾಧಾನ ಇಲ್ಲ, ಗದ್ದೆಗೆ ನಾಲೆ ನೀರೇ ಗತಿ. ಈಗ ನಾನು ದಿನಾ ಫೋನಲ್ಲಿ ನಮ್ಮಂಗಳದ ಮಳೆ ಎಷ್ಟು ಅಂತ ಹೇಳ್ತೀನಿ. ನಮ್ಮನೆ ಹಿಂದಿನ ಹಳ್ಳ ತುಂಗೆಗೆ ಸೇರುತ್ತೆ, ತುಂಗೆ ಕೂಡ್ಲಿಯಲ್ಲಿ ಭದ್ರೆ ಜೊತೆ ಸೇರಿ ಹರಿಹರದ ಮುಂದೇನೇ ಹೋಗುತ್ತಲ್ಲ, ನಮ್ಮ ಸೂರಿನ ನೀರು ಅಪ್ಪನ ಊರಿಗೆ ಹೋಗಿ ಮುಟ್ಟುತ್ತೆ ಅಂದ್ಕೊಂಡ್ರೆ ಎಷ್ಟು ಖುಷಿ ಆಗುತ್ತೆ ಗೊತ್ತಾ.

ಕಾಫಿಗಿಡ

ತಂಗಿ, ನಿಮ್ಮ ಮಾವ ಯಾವಾಗಾದ್ರೂ ಕಾಫಿ ತೋಟದಲ್ಲಿ ಕೆಲಸ ಮಾಡಿದ್ರಾ? ಯಾಕೆ ಕೇಳಿದೆ ಅಂದ್ರೆ 2-40 ಅನ್ನೋದು ಪಕ್ಕಾ ಎಸ್ಟೇಟ್ ಲೆಕ್ಕ. ಎರಡು ಇಂಚು ನಲವತ್ತು ಸೆಂಟ್ಸ್ ಅಂತ. ಒಂದು ಇಂಚಿಗೆ ನೂರು ಸೆಂಟ್ಸು, ಮಳೆನ ನಾವು ಈಗಲೂ ಹಾಗೇ ಹೇಳೋದು, ಕೊಪ್ಪ, ಬಾಳೆಹೊನ್ನೂರು ಕಡೆ ಯಾರನ್ನೇ ಕೇಳಿ "ನಿನ್ನೆ ಎಷ್ಟಾಯ್ತು" ಅಂದ್ರೆ "ಒಂದೂವರೆ ಇಂಚು" ಅಂತಾರೇ ಹೊರತು ಮಿಲಿಮೀಟರ್ ಅನ್ನಲ್ಲ. ಇಂಚಿಗೆ 25.4 ಮಿಮೀ, ಹಂಗಾಗಿ 2-40 ಅಂದ್ರೆ 61 ಮಿಮೀ ಆಯ್ತು. 0-45 ಅಂದ್ರೆ 11 ಮಿಮೀ ಚಿಲ್ಲರೆ. ಆ 2019ರ 7-85 ಇದೆಯಲ್ಲ ಅದು ಹತ್ರ ಹತ್ರ 200 ಮಿಮೀ, ಎರಡು ಗೆರೆ ಎಳೆಯದೇ ಏನು ಮಾಡ್ತಾರೆ, ಆ ವರ್ಷ ಶಿವಮೊಗ್ಗ ಪೇಟೆ ಒಳಗೇ ತುಂಗೆ ನುಗ್ಗಿದ್ದಳಲ್ಲ.

ನ್ಯೂಸಲ್ಲಿ "ಭಾರಿ ಮಳೆ", "ಅತಿ ಭಾರಿ ಮಳೆ" ಅಂತ ಬರುತ್ತಲ್ಲ, ಅದಕ್ಕೂ ಲೆಕ್ಕ ಇದೆ, ಹವಾಮಾನ ಇಲಾಖೆಯವರು ಒಂದು ದಿನಕ್ಕೆ 64.5 ಮಿಮೀ ದಾಟಿದ್ರೆ ಭಾರಿ ಅಂತಾರೆ, 115.5 ದಾಟಿದ್ರೆ ಅತಿ ಭಾರಿ. ನಿಮ್ಮ ಮಾವನ ಲೆಕ್ಕದಲ್ಲಿ ಎರಡೂವರೆ ಇಂಚು, ನಾಲ್ಕೂವರೆ ಇಂಚು ಅಂತ ಇಟ್ಕೊಳ್ಳಿ. ಇದನ್ನ ತಲೇಲಿಟ್ಕೊಂಡು ಹಳೇ ಕ್ಯಾಲೆಂಡರ್ ತಿರುವಿ ಹಾಕಿದ್ರೆ ಟಿವಿಯವರು ಕೂಗಾಡೋ ಮಳೆ ಎಷ್ಟೋ ಸಲ ನಮ್ಮ ಮಾಮೂಲಿ ಆಷಾಢದ ಮಳೆನೇ ಅಂತ ಗೊತ್ತಾಗುತ್ತೆ.

ಸ್ಕೇಲಲ್ಲಿ ಅಳೆಯೋದು ಸರಿನೇ, ಆದ್ರೆ ಡಬ್ಬಿ ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರಬೇಕು, ತಳ ಮಟ್ಟಸ ಇರಬೇಕು. ಮೇಲೆ ಅಗಲ ಕೆಳಗೆ ಸಣ್ಣ ಇದ್ರೆ ಲೆಕ್ಕ ತಪ್ಪುತ್ತೆ. ಮರದ ಕೆಳಗೆ, ಸೂರಿನ ಹತ್ರ ಇಡಬೇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ, ಇಲಾಖೆಯವರ ದಿನ ಎಂಟೂವರೆಯಿಂದ ಎಂಟೂವರೆಗೆ, ಆಗ ನಿಮ್ಮದು ಅವರದು ತಾಳೆ ಹಾಕಬಹುದು. ಜೋರು ಮಳೆ ಇದ್ದಾಗ ರಾತ್ರಿ ಮಲಗೋ ಮುಂಚೆ ಒಂದ್ಸಲ ಅಳೆದು ಚೆಲ್ಲಿ, ಬೆಳಿಗ್ಗೇದನ್ನ ಅದಕ್ಕೆ ಕೂಡಿಸಿ, ಇಲ್ಲಾಂದ್ರೆ ತುಂಬಿ ಹರಿದುಹೋದ ನೀರಿನ ಲೆಕ್ಕ ಯಾರಿಗೂ ಸಿಗಲ್ಲ.

ಹೊಳೆದಂಡೆ

"ಮಂ" ನನಗೆ ಗೊತ್ತು ಬಿಡಿ. ನಾನು ತೀರ್ಥಹಳ್ಳಿ ಪೇಟೆಯವನೇ. ರಾಮಮಂಟಪ! ತುಂಗೆ ನಡುವೆ ಬಂಡೆ ಮೇಲಿರೋ ಮಂಟಪ ಮುಳುಗಿದ ದಿನ ಬರೆದಿರ್ತಾರೆ. ನಮ್ಮೂರಲ್ಲಿ ಮಳೆಗಾಲ ಬಂದ್ರೆ ಇದೇ ಸುದ್ದಿ, ಮಂಟಪ ಮುಳುಗ್ತಾ, ಎಷ್ಟು ಕಾಣ್ತಿದೆ ಅಂತ ಸೇತುವೆ ಮೇಲೆ ಕೊಡೆ ಹಿಡ್ಕೊಂಡು ಜನ ನಿಂತಿರ್ತಾರೆ. ಶಿವಮೊಗ್ಗದವರಿಗೆ ತುಂಗೆ ದಡದ ಕೋರ್ಪಲಯ್ಯನ ಛತ್ರದ ಮಂಟಪ ಹೇಗೋ ನಮಗೆ ಇದು ಹಾಗೆ. 2019ರ ಆಗಸ್ಟಲ್ಲಿ "ಮಂ" ಇದೆಯಾ ನೋಡಿ, ಇದ್ದೇ ಇರುತ್ತೆ.

ಸಾಗರದಕ್ಕ

ಓದ್ತಾ ಓದ್ತಾ ಕಣ್ಣು ತುಂಬಿ ಬಂತು ಮಾರಾಯ್ತಿ. ನಮ್ಮನೇಲಿ ಕ್ಯಾಲೆಂಡರ್ ಅಲ್ಲ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ಬರೀತೀನಿ, ಮಳೆ ಅಳೆಯೋಕೆ ನಂಗೆ ಬರಲ್ಲ, ಆದ್ರೆ ಯಾವತ್ತು ಏನು ಸಿಕ್ತು, ಏನು ಮಾಡಿದೆ ಅಂತ ಬರೀತೀನಿ. ಪತ್ರೊಡೆಗೆ ಕೆಸುವಿನ ಸೊಪ್ಪು ಮೊದಲು ಕೊಯ್ದಿದ್ದು ಯಾವತ್ತು, ಕಳಲೆ ಯಾರು ತಂದುಕೊಟ್ರು, ಎಷ್ಟು ದಿನ ನೀರು ಬದಲಾಯಿಸಿದೆ (ನಾನು ಮೂರು ದಿನ ದಿನಾ ನೀರು ಚೆಲ್ಲಿ ಹೊಸ ನೀರು ಹಾಕ್ತೀನಿ, ಕಮ್ಮಿ ಮಾಡಿದ್ರೆ ಕಹಿ ಹೋಗಲ್ಲ), ಹಲಸಿನ ಹಪ್ಪಳ ಎಷ್ಟು ಉಳಿದಿದೆ, ಹಿಂಗೆ. ಹೋದ ವರ್ಷ ಇದೇ ದಿನ ಏನು ಮಾಡಿದ್ದೆ ಅಂತ ತಿರುಗಿಸಿ ನೋಡೋದು ಇದೆಯಲ್ಲ, ಹೊರಗೆ ಧೋ ಅಂತ ಮಳೆ, ಬಚ್ಚಲ ಒಲೆ ಉರೀತಿರುತ್ತೆ, ಮೇಲೆ ಗಳದಲ್ಲಿ ಒದ್ದೆ ಬಟ್ಟೆ ಒಣಗ್ತಿರುತ್ತೆ, ಕೆಂಡದಲ್ಲಿ ನಾಕು ಹಲಸಿನ ಬೀಜ ಹಾಕಿ ಕೂತ್ಕೊಂಡು ಆ ಪುಸ್ತಕ ಓದೋದು ನಂಗೆ ವರ್ಷದಲ್ಲೇ ಇಷ್ಟವಾದ ಕೆಲಸ.

ಮತ್ತೆ ನಾನು ದಿನಾ ಬರೆಯೋದು ಲಿಂಗನಮಕ್ಕಿ ಮಟ್ಟ. 1819 ಅಡಿಗೆ ತುಂಬುತ್ತೆ. ನಮ್ಮಮ್ಮನ ತವರು ಮುಳುಗಡೆ ಊರು, 1964ರಲ್ಲಿ ಡ್ಯಾಮ್ ಆದಾಗ ಮನೆ ಗದ್ದೆ ತೋಟ ಎಲ್ಲಾ ಶರಾವತಿ ಹಿನ್ನೀರಿಗೆ ಹೋಯ್ತು. ಅಮ್ಮ ಇರೋವರೆಗೂ ಪೇಪರಲ್ಲಿ ಆ ನಂಬರ್ ನೋಡಿ "ಈಗ ನಮ್ಮ ಅಂಗಳಕ್ಕೆ ನೀರು ಬಂದಿರುತ್ತೆ, ಈಗ ಜಗಲಿ ಹತ್ತಿರುತ್ತೆ" ಅಂತ ಹೇಳೋಳು. ಜನ ಡ್ಯಾಮ್ ತುಂಬಿತು ಅಂತ ಜೋಗಕ್ಕೆ ಓಡ್ತಾರೆ, ನಮ್ಮನೇಲಿ ಅವತ್ತು ಯಾರೂ ಜಾಸ್ತಿ ಮಾತಾಡ್ತಿರಲಿಲ್ಲ.

"ಚಿ" ಅಂದ್ರೆ ಚಿತ್ರಾನ್ನ ಇರಬಹುದಾ? ಅಥವಾ ಚಿಕ್ಕಮ್ಮ ಯಾರಾದ್ರೂ ಬಂದಿದ್ದ ದಿನ?

ಬೆಂಗಳೂರಲ್ಲಿರೋ ಹೊಸನಗರದವನು

ಒಳ್ಳೆ ಅಭ್ಯಾಸ, ಆದ್ರೆ ಒಂದು ಮಾತು ಹೇಳ್ತೀನಿ ಬೇಜಾರಾಗಬೇಡಿ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲೇ ಮಳೆ ಮಾಪಕ ಇಟ್ಟಿದಾರೆ, ಫೋನಲ್ಲೇ ಲೆಕ್ಕ ಸಿಗುತ್ತೆ. ದಿನಾ ಮಳೇಲಿ ನೆನೆದು ಸ್ಕೇಲ್ ಹಿಡಿಯೋ ಅವಶ್ಯಕತೆ ನಿಜವಾಗ್ಲೂ ಇದೆಯಾ ಅಂತ. ನಾನು ಇಲ್ಲಿ ಕೂತು ಊರಿನ ಮಳೆ ನೋಡೋದು ಹಾಗೇನೇ. ಅಮ್ಮನಿಗೆ ಫೋನ್ ಮಾಡಿ "ಇವತ್ತು 90 ಮಿಮೀ ಅಂತೆ" ಅಂದ್ರೆ ಅವಳು "ಇಲ್ಲಪ್ಪ ಇಲ್ಲಿ ಅಷ್ಟೇನಿಲ್ಲ, ಹೂಬಿಸಿಲು ಬಿದ್ದಿದೆ" ಅಂತಾಳೆ.

ಅಡಿಕೆ ತೋಟ

ಮೇಲೆ ಬರೆದಿರೋ ತಮ್ಮನಿಗೆ, ನಿಮ್ಮಮ್ಮ ಹೇಳಿದ್ದೇ ಉತ್ತರ ಅಲ್ವಾ. ಪಂಚಾಯ್ತಿ ಆಫೀಸ್ ಹತ್ರ ಮೂರು ಇಂಚು ಬಿದ್ದಿರುತ್ತೆ, ಗುಡ್ಡ ದಾಟಿ ಈಚೆ ಬಂದ್ರೆ ಒಂದೇ ಇಂಚು. ಮಲೆನಾಡಲ್ಲಿ ಗುಡ್ಡಕ್ಕೊಂದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಮೀ ಮೇಲೆ, ಅಂದ್ರೆ 275 ಇಂಚು ದಾಟುತ್ತೆ, ಅಲ್ಲಿಂದ ಶಿವಮೊಗ್ಗಕ್ಕೆ ಬರೋ ಅಷ್ಟರಲ್ಲಿ ಅದರ ಕಾಲು ಭಾಗನೂ ಇರಲ್ಲ.

ನಾನು ಬರೆಯೋಕೆ ಬಂದಿದ್ದು "ಹೊ" ಬಗ್ಗೆ. ಅದು ಹೊಳವು. ಮಳೆ ಬಿಟ್ಟು ಹೊಳವಾದ ದಿನ. ಹರಿಹರದ ಕಡೆಯವರಿಗೆ ಈ ಮಾತು ಹೊಸದಿರಬಹುದು, ನಮಗೆ ಜೂನ್ ಜುಲೈಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋದು ಹೊಳವಿದ್ದಾಗಲೇ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಹದ ಮಾಡಿ ಇಟ್ಕೊಂಡು ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರನ ದಾರಿ ಕಾಯ್ತಾ ಆಕಾಶ ನೋಡ್ತಾ ಕೂತಿರ್ತೀವಿ. ಹೊಡೆದ ಮೇಲೆ ಗೊನೆ ಮೇಲೆ ಒಣಗೋಕೆ ಸ್ವಲ್ಪ ಹೊತ್ತಾದ್ರೂ ಬೇಕು, ತಕ್ಷಣ ಮಳೆ ಬಂದ್ರೆ ದುಡ್ಡೂ ಹೋಯ್ತು ಆಳಿನ ಕೆಲಸಾನೂ ಹೋಯ್ತು. ಮೊದಲ ಸಲ ಹೊಡೆದು 40-45 ದಿನಕ್ಕೆ ಎರಡನೇದು. ಆರಿದ್ರಾ ಮಳೆ ಆರದೇ ಹೊಯ್ಯುತ್ತೆ ಅಂತ ಗಾದೆನೇ ಇದೆ, ಅದರ ನಡುವೆ ಒಂದು ದಿನ ಹೊಳವು ಸಿಕ್ಕಿದ್ರೆ ಅದಕ್ಕೆ ಸುತ್ತ ಸೊನ್ನೆ ಹಾಕದೇ ಬಿಡ್ತಾರಾ!

ನಿಮ್ಮನೆಯವರಿಗೆ ಹೇಳಿ, ಇಪ್ಪತ್ತು ವರ್ಷದ "ಹೊ" ಎಲ್ಲಾ ಒಂದು ಹಾಳೇಲಿ ಇಳಿಸ್ಕೊಳ್ಳಲಿ. ಯಾವ ನಕ್ಷತ್ರದಲ್ಲಿ ಹೊಳವು ಜಾಸ್ತಿ ಸಿಕ್ಕಿದೆ, ನಿಮ್ಮ ತೋಟಕ್ಕೆ ಅದು ಎಲ್ಲೂ ದುಡ್ಡು ಕೊಟ್ಟರೂ ಸಿಗದ ಮಾಹಿತಿ. ನಮ್ಮಪ್ಪ ಇದನ್ನೆಲ್ಲ ಬಾಯಲ್ಲೇ ಹೇಳ್ತಿದ್ರು, ಬರೆದಿಡಲಿಲ್ಲ, ನಾನೂ ಆಗ ಕಿವಿ ಕೊಡಲಿಲ್ಲ, ಈಗ ಪ್ರತಿ ವರ್ಷ ಆಕಾಶ ನೋಡುವಾಗ ಅದೇ ಸಂಕಟ.

ಬೆಂಗಳೂರಲ್ಲಿರೋ ಹೊಸನಗರದವನು

ಅಣ್ಣ ಒಪ್ಪಿದೆ. ಔಷಧಿ ಹೊಡೆಯೋ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಅಮ್ಮನಿಗೆ ಒಂದು ಮಳೆ ಮಾಪಕ ಕಳಿಸ್ತೀನಿ, ಚೌತಿಗೆ ಊರಿಗೆ ಹೋದಾಗ ನಾನೇ ಗೂಟ ನೆಟ್ಟು ಕಟ್ಟಿಕೊಡ್ತೀನಿ.

ಹರಿಹರದ ಮಗಳು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಕಾಫಿಗಿಡ ಅಣ್ಣ ಕೇಳಿದ್ದು ನಿಜ, ಮಾವ ಮದುವೆಗೆ ಮುಂಚೆ ಕೊಪ್ಪದ ಹತ್ರ ಒಂದು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟ್ರಾಗಿದ್ರಂತೆ, ನಮ್ಮನೆಯವರಿಗೆ ಈಗ ನೆನಪಾಯ್ತು. 2019ರ ಆಗಸ್ಟ್ ತೆಗೆದು ನೋಡಿದೆ, "ಮಂ" ಇದೆ. ಡಬ್ಬಿ ಮೇಲೆ ಕೆಳಗೆ ಒಂದೇ ಅಗಲ ಇದೆ, ಅದನ್ನ ನುಗ್ಗೆ ಗಿಡದ ಹತ್ರದಿಂದ ಅಂಗಳದ ನಡುವೆ ತಂದು ಕಟ್ಟಿಸಿದೀನಿ.

ನಿನ್ನೆ ರಾತ್ರಿ ಧೈರ್ಯ ಮಾಡಿ ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಎದ್ದು ಹೋಗಲಿಲ್ಲ. ಸಾಗರದಕ್ಕನ ಅಮ್ಮನ ವಿಷಯ ಎರಡು ಸಲ ಓದಿಸಿಕೊಂಡ್ರು. ಆಮೇಲೆ ಅವರೇ ಅಟ್ಟದ ಮೇಲಿಂದ ಇನ್ನೊಂದು ಕಟ್ಟು ಇಳಿಸೋಕೆ ಹೇಳಿದ್ರು, ಹನ್ನೊಂದು ಗಂಟೆವರೆಗೂ ಕೂತು ಒಂದೊಂದೇ ಚೌಕ ತೋರಿಸಿ ಹೇಳ್ತಾ ಹೋದ್ರು, ಇದು ನಿನ್ನ ಗಂಡ ಎಸ್‌ಎಸ್‌ಎಲ್‌ಸಿ ಪಾಸಾದ ದಿನ, ಇದು ಧರೆ ಕುಸಿದು ಕೊಟ್ಟಿಗೆ ಗೋಡೆ ಹೋಗಿದ್ದು, ಅಂತ.

"ಚಿ" ಚಿತ್ರಾನ್ನ ಅಲ್ಲ ಅಕ್ಕ. ಚಿಮಣಿ. ಕರೆಂಟ್ ಹೋಗಿ ಚಿಮಣಿ ದೀಪ ಹಚ್ಚಿದ ರಾತ್ರಿಗಳು. ಅವತ್ತು ಟಿವಿ ಇರಲ್ಲ, ಎಲ್ಲರೂ ಒಂದೇ ದೀಪದ ಸುತ್ತ ಒಲೆ ಹತ್ರ ಊಟಕ್ಕೆ ಕೂರ್ತಿದ್ವಿ, ಅದು ಅವರಿಗೆ ಇಷ್ಟ ಅಂದ್ರು ಅತ್ತೆ.

ಇವತ್ತು ನಮ್ಮಲ್ಲಿ ಕರೆಂಟ್ ಹೋಗಿ ಎರಡನೇ ದಿನ, ಯುಪಿಎಸ್ ನಿನ್ನೆನೇ ನಿಂತಿದೆ, ಇದನ್ನ ಪೇಟೆಗೆ ಬಂದಾಗ ಟೈಪ್ ಮಾಡ್ತಿದೀನಿ. ಬೆಳಿಗ್ಗೆ ಬರೆದಿದ್ದು ಇಷ್ಟು: 3-10, ಚಿ, ಅತ್ತೆ ಪತ್ರೊಡೆ ಮಾಡಿದ್ರು.