ಗುಡ್ಡದ್ದು ನಮಗೆ ಕೇಳ್ತದೆ, ನಮ್ಮದು ಗುಡ್ಡಕ್ಕೆ ಕೇಳದಿಲ್ಲ

“ಸೆಟ್ಟು ಕೆಟ್ಟಿದೆ ಮೇಷ್ಟ್ರೇ. ವಾಪಸ್ ಕಳ್ಸದೇ ಸೈ,” ಅಂದ ಮಂಜ, ಬಾವೊಫೆಂಗ್ ಯುವಿ-5ಆರ್ ಅನ್ನೋ ಕೈ ರೇಡಿಯೊ ಹ್ಯಾಂಡಿಯನ್ನ ಕವಳದ ತಟ್ಟೆ ಪಕ್ಕ ಇಡ್ತಾ. ತೀರ್ಥಹಳ್ಳಿ ಸೀಮೆಯ ಜಗುಲಿ, ಹೊರಗೆ ಮಳೆ, ಒಳಗಿಂದ ಹಲಸಿನ ಹಪ್ಪಳದ ವಾಸನೆ. ವಿಯು3 ಅಂತ ಶುರುವಾಗೋ ಕಾಲ್‌ಸೈನ್, ಅಂದ್ರೆ ಗಾಳೀಲಿ ಕರೆಯೋ ಲೈಸೆನ್ಸ್ ಹೆಸರು, ಹೊಸದಾಗಿ ಬಂದ ಮಂಜ, ಫಿಸಿಕ್ಸ್ ಮೇಷ್ಟ್ರು, ರಿಪೇರಿ ಅಂಗಡಿ ವೀಣಕ್ಕ, ಮತ್ತೆ ಮೋರ್ಸ್ ಕೋಡಲ್ಲೇ ಕೆಮ್ಮುವಷ್ಟು ಹಳೇ ಹ್ಯಾಮ್ (ಹವ್ಯಾಸಿ ರೇಡಿಯೊದವರು) ಅಣ್ಣಯ್ಯ. ಇಷ್ಟು ಜನರ ಸಭೆ.

“ಎಂತ ಆತು ಅದಕ್ಕೆ?”

“ನಮ್ಮ ಮಾತು ಹಿಡಿದು ದೂರಕ್ಕೆ ಮರುಕೂಗೋ ಆ ರಿಪೀಟರಲ್ಲಿ ಎಲ್ರೂ ಮಾತಾಡದು ಚೊಕ್ಕ ಕೇಳ್ತದೆ. ನಾನು ಕರೆದ್ರೆ ಒಬ್ರೂ ತಿರುಗಿ ಕೇಳದಿಲ್ಲ.”

“ಮದುವೆ ಮನೇಲೂ ನಿನ್ನ ಕಥೆ ಅದೇ ಅಲ್ದನಾ,” ಅಂದ್ರು ಅಣ್ಣಯ್ಯ.

ವೀಣಕ್ಕ ಸೆಟ್ಟು ಕೈಗೆ ತಗೊಂಡ್ರು. “ಕೇಳ್ತದೆ ಅಂದ್ರೆ ಅರ್ಧ ಸರಿ ಇದೆ ಅಂತ ಲೆಕ್ಕ. ರಿಪೀಟರ್ ಗುಡ್ಡದ ನೆತ್ತಿ ಮೇಲೆ, ಒಳ್ಳೇ ಆಂಟೆನಾ ಕಟ್ಕೊಂಡು ಹತ್ತಿಪ್ಪತ್ತು ವ್ಯಾಟಲ್ಲಿ ಕೂಗ್ತದೆ. ನೀನು ಕಣಿವೇಲಿ ಕೂತು ನಾಕೈದು ವ್ಯಾಟು, ಗೇಣುದ್ದದ ರಬ್ಬರ್ ಕಡ್ಡಿ. ಅದೂ ಅಲ್ದೆ, ಅದು ಮಾತಾಡೋ ಫ್ರೀಕ್ವೆನ್ಸಿ ಒಂದು, ಕಿವಿ ಕೊಡೋ ಫ್ರೀಕ್ವೆನ್ಸಿ ಇನ್ನೊಂದು. ನೀನು ಅದರ ಬಾಯಿಗೇ ಕೂಗ್ತಾ ಕೂತಿರಬೇಕು.”

“ಕಿವಿ ಎಲ್ಲಿದೆ ಹಂಗಾದ್ರೆ?”

“ಎರಡು ಮೀಟರ್ ಬ್ಯಾಂಡಲ್ಲಿ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಕೆಳಗೆ,” ಅಂದ್ರು ಮೇಷ್ಟ್ರು. “ಲೆಕ್ಕಕ್ಕೆ, ನೀನು ಕೇಳದು 145.700 ಮೆಗಾಹರ್ಟ್ಸ್ ಅಂತ ಹಿಡಿ. ಮಾತಾಡೋ ಗುಂಡಿ ಪಿಟಿಟಿ ಒತ್ತಿದ ಕೂಡ್ಲೇ ನಿನ್ನ ಸೆಟ್ಟು 145.100ಕ್ಕೆ ಇಳಿಬೇಕು, ಬಿಟ್ಟ ಕೂಡ್ಲೇ 145.700ಕ್ಕೆ ವಾಪಸ್ ಬರಬೇಕು. ಒತ್ತಿದಾಗ ಪರದೆ ಮೇಲೆ ಅಂಕಿ ಬದಲಾಗ್ತದಾ ನೋಡು.”

ಮಂಜ ಒತ್ತಿದ. 146.300 ಅಂತ ಬಂತು.

“ಬಿಡು ಬಿಡು ಬಿಡು!” ಅಂತ ಮೂರೂ ಜನ ಒಟ್ಟಿಗೆ ಕೂಗಿದ್ರು.

“ಎಂತಕ್ಕೆ? ಸೆಟ್ಟು ಬೇಡ ಅನ್ನಲಿಲ್ವಲ್ಲ!”

“ಆ ಸೆಟ್ಟು 136ರಿಂದ 174ರ ತನಕ ಎಲ್ಲಿ ಹೇಳಿದ್ರೂ ಕೂಗ್ತದೆ, ಅದಕ್ಕೆ ಮಾನ ಮರ್ಯಾದೆ ಇಲ್ಲ. ನಮ್ಮ ಲೈಸೆನ್ಸಿಗೆ ಇಲ್ಲಿ ಇರದು 144ರಿಂದ 146 ಮಾತ್ರ. ನಿಂದು ಪ್ಲಸ್ ಆಗಿದೆ, ಬೇಲಿ ಹಾರಿ ಬೇರೆಯವರ ತೋಟಕ್ಕೆ ಹೊಕ್ಕಂಗೆ ಆತು. ಮೈನಸ್ ಮಾಡು.”

ವೀಣಕ್ಕ ಕಲಿಸೋ ಕ್ರಮ ಅಂದ್ರೆ ಸೆಟ್ಟು ಕಲಿಯೋರ ಕೈಲೇ ಇರಬೇಕು, ಬಯ್ಯದು ಮಾತ್ರ ಇವರದ್ದು. “ಮೊದಲು ಫ್ರೀಕ್ವೆನ್ಸಿ ಸೀದಾ ಒತ್ತೋ ವಿಎಫ್‌ಓ ಮೋಡಿಗೆ ಬಾ. ಮೆಮೊರಿ ಚಾನಲಲ್ಲಿ ನಿಂತು ಮೆನು ತಿದ್ದಿದ್ರೆ ಅದು ನಿಲ್ಲದಿಲ್ಲ. ಮೆನು 7, ಎರಡು ಫ್ರೀಕ್ವೆನ್ಸಿ ಸರದಿ ಮೇಲೆ ಕೇಳೋ ಟಿಡಿಆರ್ ಆಫ್ ಮಾಡು, ಇಲ್ದಿದ್ರೆ ಎರಡು ಸಾಲಲ್ಲಿ ಯಾವುದ್ರಲ್ಲಿ ಕೂಗ್ತಿದೀಯ ಅಂತ ನಿಂಗೇ ಗೊತ್ತಾಗದಿಲ್ಲ. ಈಗ 145.700 ಒತ್ತು. ಮೆನು 25, ದಿಕ್ಕು ಮೈನಸ್. ಮೆನು 26, ಆಫ್‌ಸೆಟ್ಟು, ಅಂದ್ರೆ ಬಾಯಿ ಕಿವಿ ನಡುವಿನ ಅಂತರ, ಪರದೇಲಿ 00.600 ಅಂತಲೇ ಕಾಣಬೇಕು. ಸೊನ್ನೆ ಜಾಗ ತಪ್ಪಿ 06.000 ಆದ್ರೆ 139.700ರಲ್ಲಿ ಯಾರದ್ದೋ ಕಿವಿಗೆ ಬೀಳ್ತೀಯ. ಮೆನು 2, ಪವರ್ ಹೈ. ಮೆನು 5, ವೈಡ್. ನ್ಯಾರೋ ಇದ್ರೆ ನಿನ್ನ ಸ್ವರ ಬಾವಿ ಒಳಗಿಂದ ಬಂದಂಗೆ ಸಣ್ಣ ಕೇಳ್ತದೆ.”

“ಪ್ರತಿ ಸಲ ಮೌಲ್ಯ ಹಾಕಿ ಮತ್ತೆ ಮೆನು ಗುಂಡಿ ಒತ್ತಬೇಕು,” ಅಂತ ಮೇಷ್ಟ್ರು ಸೇರಿಸಿದ್ರು. “ಸೀದಾ ಎಕ್ಸಿಟ್ ಒತ್ತಿದ್ರೆ ಹಾಕಿದ್ದೆಲ್ಲ ಹೊಳೆಗೆ.”

“ಆತು. ಈಗ ಸಿಗ್ತದಾ?”

“ಟೋನ್ ಹಾಕಿದೀಯಾ?”

“ಯಾವ ಟೋನ್? ರಿಂಗ್‌ಟೋನಾ?”

ಅಣ್ಣಯ್ಯ ಕವಳ ಉಗಿಯೋಕೆ ಎದ್ದು ಹೋದ್ರು. ನಗು ತಡೆಯಕ್ಕೆ ಆಗಿರಲಿಲ್ಲ ಅಂತ ಕಾಣ್ತದೆ.

“ಸಿಟಿಸಿಎಸ್‌ಎಸ್ ಅಂತ. ನಿನ್ನ ಮಾತಿನ ಅಡಿಯಲ್ಲಿ ಸಣ್ಣ ಗುಂಯ್ ಅನ್ನೋ ಸ್ವರ ಸದಾ ಹೋಗ್ತಿರ್ತದೆ, 67ರಿಂದ 254 ಹರ್ಟ್ಸ್ ಒಳಗೆ ಒಂದು,” ಅಂದ್ರು ಮೇಷ್ಟ್ರು. “ಆ ಗುಂಯ್ ಇದ್ರೆ ಮಾತ್ರ ರಿಪೀಟರ್ ಬಾಗಿಲು ತೆಗಿತದೆ. ಇಲ್ದೆ ಹೋದ್ರೆ ಅಕ್ಕಪಕ್ಕದ ಯಾವ್ಯಾವುದೋ ಕಿರಿಕಿರಿಗೆಲ್ಲ ಅದು ದಿನವಿಡೀ ಎದ್ದು ಕೂರ್ತದೆ. ನಿನ್ನ ರಿಪೀಟರಿನದ್ದು ಎಷ್ಟು ಅಂತ ಅದನ್ನ ನೋಡ್ಕೊಳ್ಳೋರ ಹತ್ರ ಕೇಳು. 88.5 ಅಂದ್ರೆ 88.5ನೇ. ಪಕ್ಕದ 85.4 ಹಾಕಿದ್ರೆ ಅದಕ್ಕೆ ನೀನು ಅಪರಿಚಿತ.”

“ಮೆನು 13ರಲ್ಲಿ ಹಾಕು,” ಅಂದ್ರು ವೀಣಕ್ಕ. “11ರಲ್ಲಿ ಅಲ್ಲ. 11 ನಿನ್ನ ಕಿವಿಗೆ ಬೀಗ. ರಿಪೀಟರ್ ವಾಪಸ್ ಟೋನ್ ಕಳಿಸದೇ ಇದ್ರೆ ಆಮೇಲೆ ಏನೂ ಕೇಳದಿಲ್ಲ, ‘ಸೆಟ್ಟು ಕೆಟ್ಟಿದೆ’ ಅಂತ ಮತ್ತೆ ಬರ್ತೀಯ. 10, 11, 12 ಮೂರೂ ಆಫ್ ಇರಲಿ.”

“ಎಲ್ಲ ಹಾಕ್ದೆ. ಚಾನಲಿಗೆ ಸೇವ್ ಮಾಡದು?”

“ಅಲ್ಲೇ ಆ ಸೆಟ್ಟಿನ ಕುತಂತ್ರ ಇರದು. ಒಂದೇ ಚಾನಲಿಗೆ ಎರಡು ಸಲ ಕೊಡಬೇಕು. ಮೆನು 27, ಖಾಲಿ ಚಾನಲ್ ಹಿಡಿದು ಒತ್ತು, ‘ರಿಸೀವಿಂಗ್ ಮೆಮೊರಿ’ ಅಂತ ಅದೇ ಹೇಳ್ತದೆ. ಆಮೇಲೆ 145.100 ಒತ್ತಿ ಮತ್ತೆ 27, ಅದೇ ಚಾನಲ್. ಈ ಸಲ ‘ಟ್ರಾನ್ಸ್‌ಮಿಟಿಂಗ್ ಮೆಮೊರಿ’ ಅನ್ನಬೇಕು. ಎರಡನೇದು ಮರೆತ್ರೆ ಕೇಳೋದ್ರಲ್ಲೇ ಕೂಗೋ ಚಾನಲ್ ಆಗ್ತದೆ. ಅಂಗಡಿಗೆ ಬಂದ್ರೆ ಕೇಬಲ್ ಹಾಕಿ ಚಿರ್ಪ್ ಸಾಫ್ಟ್‌ವೇರಲ್ಲಿ ಎರಡು ನಿಮಿಷದ ಕೆಲ್ಸ, ಗುಂಡಿ ಒತ್ತಿ ಹೆಬ್ಬೆರಳು ಸವೆಸಬೇಕಾಗಿಲ್ಲ.”

ಮಂಜನ ಹತ್ರ ಇನ್ನೊಂದು ಸೆಟ್ಟೂ ಇತ್ತು. ಇದರಲ್ಲಿ ಮಾತಾಡಿ ಅದರಲ್ಲಿ ಕೇಳಿ ನೋಡ್ತೀನಿ ಅಂತ ಜೋಳಿಗೆಯಿಂದ ತೆಗೆದ.

“ಒಳಗೆ ಇಡು ಅದನ್ನ,” ಅಂದ್ರು ಮೇಷ್ಟ್ರು. “ಮೊಳ ದೂರದಲ್ಲಿ ಒಂದು ಸೆಟ್ಟು ಐದು ವ್ಯಾಟಲ್ಲಿ ಅರಚ್ತಾ ಇದ್ರೆ, 600 ಕಿಲೋಹರ್ಟ್ಸ್ ಪಕ್ಕದಲ್ಲಿ ಗುಡ್ಡದಿಂದ ಬರೋ ಪಿಸುಮಾತು ಇನ್ನೊಂದಕ್ಕೆ ಹೆಂಗೆ ಕೇಳ್ತದೆ? ಕಿವಿ ಕೆಪ್ಪಾಗ್ತದೆ. ರಿಪೀಟರಲ್ಲಿ ಇದೇ ತೊಂದರೆ ತಪ್ಪಿಸಕ್ಕೆ ಡಬ್ಬ ಡಬ್ಬ ಕ್ಯಾವಿಟಿ ಫಿಲ್ಟರ್ ಇಟ್ಟು ಡ್ಯುಪ್ಲೆಕ್ಸರ್ ಮಾಡಿರ್ತಾರೆ. ಒಂದೇ ಸೆಟ್ಟಲ್ಲಿ ಪರೀಕ್ಷೆ ಮಾಡು. ಒತ್ತು, ಒಂದು ಸೆಕೆಂಡ್ ಸುಮ್ನಿರು, ಕಾಲ್‌ಸೈನ್ ಹೇಳು, ಬಿಡು. ಬಿಟ್ಟ ಮೇಲೆ ಕೇಳು.”

“ಎಂತ ಕೇಳದು?”

“ಬಾಲ. ನೀನು ಮುಟ್ಟಿದ್ರೆ ರಿಪೀಟರ್ ನೀನು ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಎದ್ದೇ ಇರ್ತದೆ, ಸೆಟ್ಟಿನ ಹಸಿರು ದೀಪ ಹತ್ತಿರ್ತದೆ, ಕೆಲವದ್ರಲ್ಲಿ ಪೀಂಕ್ ಅಂತದೆ. ಬಾಲ ಇಲ್ಲ ಅಂದ್ರೆ ಟೋನೋ ಆಫ್‌ಸೆಟ್ಟೋ ತಪ್ಪು, ಅಥವಾ ಸಿಗ್ನಲ್ ಹೋಗ್ತಿಲ್ಲ. ಬಾಲ ಬಂತು, ಆದ್ರೆ ‘ಕೊರಕೊರ ಕೇಳ್ತಿದೆ’ ಅಂತ ಅತ್ಲಾಗಿನವರು ಹೇಳಿದ್ರು ಅಂದ್ರೆ ಮೆನು ಎಲ್ಲ ಸರಿ, ಆಂಟೆನಾ ಸಾಲದು. ಆಮೇಲೆ ಮೆನು ಕೆದಕಕ್ಕೆ ಹೋಗಬೇಡ. ಜನ ಅಲ್ಲೇ ಕೆಡಿಸದು.”

ಮಂಜ ಒತ್ತಿ ಬಿಟ್ಟ. ಹಸಿರು ದೀಪ ಹತ್ತಿ, ತಡವರಿಸಿ ಆರಿತು.

“ಬಾಲ ಬಂತು!”

“ಬಂತು, ಮುರುಕು ಬಾಲ,” ಅಂದ್ರು ವೀಣಕ್ಕ. “ಎದ್ದು ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ನೋಡು. ಅಲೆಯ ಉದ್ದವೇ ಎರಡು ಮೀಟರು, ಗುಡ್ಡ ಮರಕ್ಕೆಲ್ಲ ತಾಗಿ ಬಂದ ಅಲೆಗಳು ಒಂದ್ಕಡೆ ಕೂಡ್ತವೆ, ಅರ್ಧ ಮೀಟರ್ ಆಚೆ ಕಳೀತವೆ. ಸೆಟ್ಟು ನೆಟ್ಟಗೆ ಹಿಡಿ, ರಿಪೀಟರ್ ಆಂಟೆನಾ ನೆಟ್ಟಗಿದೆ. ಇನ್ನು ಆ ಕಡ್ಡಿ ಬುಡದಲ್ಲಿ 49 ಸೆಂಟಿಮೀಟರ್ ವೈರೊಂದನ್ನ ಸಿಕ್ಕಿಸಿ ಕೆಳಗೆ ಜೋಲು ಬಿಡು. ಇಲಿ ಬಾಲ ಅಂತೀವಿ. ಕಾಸಿಲ್ಲದ ಕೆಲ್ಸ, ಗುಣ ಕಾಣ್ತದೆ.”

“25 ವ್ಯಾಟಿಂದು ಮೊಬೈಲ್ ಸೆಟ್ಟು ತಗೊಂಡ್ರೆ ಈ ಬಾಲದ ಕಾಟ ಎಲ್ಲ ತಪ್ಪಲ್ವಾ?”

“ತಗೋ, ಅದಕ್ಕೂ ಈ ರಬ್ಬರ್ ಕಡ್ಡಿನೇ ಸಿಕ್ಕಿಸ್ತೀಯಾ?” ವೀಣಕ್ಕ ಸಿಡುಕಿದ್ರು. “ಮೊದಲು ಆಂಟೆನಾ. ಕೇಬಲ್ ಸಿಕ್ಕಿಸೋ ಎಸ್‌ಓ-239 ಸಾಕೆಟ್ ಒಂದು, 3 ಮಿಲಿಮೀಟರ್ ಹಿತ್ತಾಳೆ ಸಲಾಕೆ ಐದು ತುಂಡು. ಮಧ್ಯದ ಪಿನ್ನಿಗೆ 49 ಸೆಂಟಿಮೀಟರಿಂದು ನೆಟ್ಟಗೆ ಬೆಸುಗೆ. ನಾಲ್ಕು ಮೂಲೆ ತೂತಿಗೆ 52 ಸೆಂಟಿಮೀಟರಿನ ನಾಲ್ಕು, 45 ಡಿಗ್ರಿ ಕೆಳಗೆ ಬಗ್ಗಿಸಿ. ಹಂಗೆ ಬಗ್ಗಿಸಿದ್ರೇನೇ 50 ಓಮಿನ ಹತ್ರ ಬರದು. ಮಧ್ಯದ್ದನ್ನ ಎರಡು ಸೆಂಟಿಮೀಟರ್ ಉದ್ದವೇ ಇಟ್ಕೊಂಡು, ಆಂಟೆನಾ ಅಳೆಯೋ ನ್ಯಾನೊ ವಿಎನ್‌ಎಯಲ್ಲಿ ನೋಡ್ತಾ ಚೂರು ಚೂರು ಕತ್ತರಿಸು.”

“ಮುರುಕು ಛತ್ರಿ ಕಡ್ಡಿ ಆಗ್ತದಾ?”

“ಆಗ್ತದೆ, ಆಗಸ್ಟಿಗೆ ತುಕ್ಕು ತಿಂದು ಉದುರ್ತದೆ.”

ಅಣ್ಣಯ್ಯ ವಾಪಸ್ ಬಂದು ಕೂತ್ರು. “ಎತ್ತರಕ್ಕೆ ಏರ್ಸದು ನಂಗೆ ಬಿಡಿ. ಅಡಿಕೆ ಕೊನೆ ಕೊಯ್ಯೋ ಕಾರ್ಬನ್ ಫೈಬರ್ ದೋಟಿ ಇದೆಯಲ್ಲ, ಹಗುರ, ಎಪ್ಪತ್ತು ಅಡಿ ತನಕ ಹೋಗ್ತದೆ.”

“ಅಯ್ಯೋ ಬೇಡ ಅಣ್ಣಯ್ಯ! ಕಾರ್ಬನ್ ಫೈಬರಲ್ಲಿ ಕರೆಂಟ್ ಹರೀತದೆ. ಆಂಟೆನಾ ಅದಕ್ಕೆ ಒತ್ತಿ ಕಟ್ಟಿದ್ರೆ ಟ್ಯೂನ್ ಎಲ್ಲ ಹೋತು. ಅದು ಹಾಳಾಗಲಿ, ತೋಟದ ಮೇಲೆ ಹಾದ ಲೈನಿಗೆ ತಾಗಿದ್ರೆ ಮನುಷ್ಯನೇ ಹೋತು.”

“ಹಂಗಾದ್ರೆ ಕೊನೆಗೌಡನ್ನ ಹತ್ತಿಸಿ ಅಡಿಕೆ ಮರದ ತುದಿಗೇ ಕಟ್ಸದು.”

“ಗಾಳಿಗೆ ಆ ಮರ ತೂಗೋ ತೂಗಿಗೆ ಕೇಬಲ್ ಕಿತ್ತು ಬರ್ತದೆ. ಮಳೇಲಿ ನೆನೆದ ಸೋಗೆ ಆಂಟೆನಾಕ್ಕೆ ತಾಗ್ತಾ ಇದ್ರೆ ಸಿಗ್ನಲನ್ನೂ ತಿಂತದೆ. ಜಿಐ ಪೈಪ್ ನೆಡಿ, ತುದಿಗೆ ಒಂದು ಮೀಟರ್ ಪಿವಿಸಿ, ಅದರ ಮೇಲೆ ಆಂಟೆನಾ. ಜಾಗ ಮಾತ್ರ ಹುಷಾರಿ. ಗುಡ್ಡದ ಬುಡಕ್ಕೆ ಅಂಟಿ ನೆಟ್ರೆ ಅದರ ನೆರಳಲ್ಲೇ ಇರ್ತೀರ, ಗದ್ದೆ ಆಚೆ ಮೂಲೇಲಿ ನೆಟ್ರೆ ಅದೇ ಎತ್ತರಕ್ಕೆ ಹೆಚ್ಚು ಸಿಗ್ತದೆ.”

“ಕೊಡಚಾದ್ರಿ 1343 ಮೀಟರ್, ಮುಳ್ಳಯ್ಯನಗಿರಿ 1930,” ಅಂದ್ರು ಮೇಷ್ಟ್ರು. “ಅಂಥ ನೆತ್ತಿಯಿಂದ ಲೆಕ್ಕದ ಪ್ರಕಾರ ನೂರು ಕಿಲೋಮೀಟರ್ ದಾಟಿ ಕಾಣಬೇಕು. ಆದ್ರೆ ನಿನ್ನ ಕೊಟ್ಟಿಗೆ ಹಿಂದಿನ ಮೂವತ್ತು ಮೀಟರಿನ ದಿಬ್ಬ ಸಾಕು ಅಡ್ಡ ಬರಕ್ಕೆ. ಗೂಗಲ್ ಅರ್ಥಲ್ಲಿ ಮನೆಯಿಂದ ರಿಪೀಟರಿಗೆ ಗೆರೆ ಎಳೆದು ಎಲಿವೇಶನ್ ಪ್ರೊಫೈಲ್ ನೋಡು, ಯಾವ ದಿಬ್ಬ ಶತ್ರು ಅಂತ ಗೊತ್ತಾಗ್ತದೆ.”

ಹಪ್ಪಳ ಬಂತು. ಸ್ವಲ್ಪ ಹೊತ್ತು ರೇಡಿಯೊ ವಿಷಯ ಯಾರಿಗೂ ನೆನಪಿರಲಿಲ್ಲ.

“ಕೇಬಲ್?” ಅಂದ ಮಂಜ, ಬಾಯಿ ಖಾಲಿಯಾದ ಮೇಲೆ.

“ತೆಳ್ಳಗಿನ ಆರ್‌ಜಿ-58 ಇಪ್ಪತ್ತು ಮೀಟರ್ ಎಳೆದ್ರೆ ಸುಮಾರು 4 ಡಿಬಿ ಹೋತು. ಐದು ವ್ಯಾಟ್ ಹಾಕಿದ್ರೆ ತುದೀಲಿ ಎರಡು. ಆರ್‌ಜಿ-213 ಆದ್ರೆ ಮೂರೂವರೆ ಹತ್ರ ಉಳೀತದೆ. ಡಿಶ್ಶಿನವರು ಬಿಟ್ಟು ಹೋದ ಆರ್‌ಜಿ-6 ಸುರುಳಿ ಅಟ್ಟದ ಮೇಲೆ ಇದ್ರೆ ಅದೂ ಹೆಚ್ಚು ಕಡಿಮೆ 213ರಷ್ಟೇ.”

“ಅದು 75 ಓಮ್ ಅಲ್ದಾ ಅಕ್ಕ, ನಮ್ಮದು 50?”

“ಅಲ್ಲಿ ನೂರಕ್ಕೆ ನಾಲ್ಕು ಪಾಲು ವಾಪಸ್ ಬರ್ತದೆ, 58ರಲ್ಲಿ ದಾರೀಲೇ ಅರ್ಧಕ್ಕಿಂತ ಜಾಸ್ತಿ ಹೋಗ್ತದೆ. ಯಾವುದು ಲಾಭ? ಅದರ ಅಲ್ಯೂಮಿನಿಯಂ ಹೆಣಿಗೆಗೆ ಬೆಸುಗೆ ಹಿಡಿಯದಿಲ್ಲ, ಎಫ್ ಕನೆಕ್ಟರ್ ಹಾಕಿ ಅಡಾಪ್ಟರ್ ತಗೋ. ಯುವಿ-5ಆರ್ ಕಡೆ ಎಸ್‌ಎಂಎ ಫೀಮೇಲ್ ಬೇಕು, ಪಿನ್ನು ಸೆಟ್ಟಲ್ಲೇ ಇದೆ. ದಪ್ಪ ಕೇಬಲ್ ಸೀದಾ ಹ್ಯಾಂಡಿಗೆ ನೇತಾಕಿದ್ರೆ ಸಾಕೆಟ್ ಕಿತ್ತು ಹೋಗ್ತದೆ, ನಡುವೆ ಗೇಣುದ್ದ ತೆಳ್ಳನೆ ತುಂಡು ಇರಲಿ.”

“ಅಂತೂ ವಾಪಸ್ ಬರೋ ಪವರಿನ ಅಳತೆ ಎಸ್‌ಡಬ್ಲ್ಯುಆರ್ 1.5 ಒಳಗೆ ಬಂದ್ರೆ ಗೆದ್ದೆ.”

“ಆಷಾಢದಲ್ಲಿ 1.1 ಬಂದ್ರೆ ಮಾತ್ರ ಕುಣೀಬೇಡ,” ಅಂದ್ರು ಅಣ್ಣಯ್ಯ. “ಕೇಬಲ್ ಒಳಗೆ ನೀರು ಹೊಕ್ಕಿದ್ರೆ ಮೀಟರು ಅಷ್ಟು ಚಂದ ತೋರಿಸ್ತದೆ. ಹೋದ ಪವರ್ ನೀರಲ್ಲೇ ಇಂಗಿ, ವಾಪಸ್ ಬರಕ್ಕೆ ಎಂತದೂ ಉಳಿದಿರದಿಲ್ಲ. ಕೇಳೋ ಶಕ್ತಿನೂ ಕುಗ್ಗಿದ್ರೆ ಅದೇ ಗುರುತು. ಕನೆಕ್ಟರಿಗೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪು ಕೆಳಗಿಂದ ಮೇಲಕ್ಕೆ ಎಳೆದೆಳೆದು ಸುತ್ತು, ಹಂಚು ಹೊದಿಸಿದ ಕ್ರಮ. ಕಿಟಕಿಗೆ ಬರೋ ಮುಂಚೆ ಕೇಬಲ್ ಒಂದು ಸುತ್ತು ಜೋಲು ಬಿಡು, ನೀರು ಅಲ್ಲೇ ತೊಟ್ಟಿಕ್ಕಲಿ. ಏಪ್ರಿಲ್ ಮೇ ಗುಡುಗಿಗೆ ಕೇಬಲ್ ಬಿಚ್ಚಿ ತುದಿ ಕಿಟಕಿ ಆಚೆ ಬಿಸಾಕು, ಮೇಜಿನ ಕೆಳಗಲ್ಲ.”

“ಎಲ್ಲ ಆದ ಮೇಲೆ ಮಾತು ಹೆಂಗೆ ಶುರು ಮಾಡದು? ಹಲೋ ಹಲೋ ಮೈಕ್ ಟೆಸ್ಟಿಂಗ್ ಅನ್ನದಾ?”

“ಒಂದು ನಿಮಿಷ ಕೇಳು, ಯಾರೂ ಇಲ್ಲ ಅಂತಾದ್ರೆ ನಿನ್ನ ಕಾಲ್‌ಸೈನ್ ಹೇಳಿ ಕೇಳ್ತಿದೀನಿ ಅನ್ನು. ಮೈಕ್ ಬಾಯಿಂದ ನಾಲ್ಕು ಬೆರಳು ದೂರ. ಹೆಸರು ಹೇಳದೆ ಒತ್ತಿ ಬಿಟ್ಟು ಬಾಲ ಎಣಿಸ್ತಾ ಕೂರಬೇಡ, ಎಲ್ರಿಗೂ ಕಿರಿಕಿರಿ. ಇನ್ನೊಬ್ಬರು ಮುಗಿಸಿದ ಮೇಲೆ ಬಾಲ ಬೀಳಕ್ಕೆ ಬಿಡು, ತುರ್ತು ಇರೋರು ನಡುವೆ ಬರಬಹುದು. ಮೂರು ನಿಮಿಷದ ಹತ್ರ ಟೈಮರ್ ಇರ್ತದೆ, ಅದು ಮೀರಿದ್ರೆ ರಿಪೀಟರೇ ಬಾಯಿ ಮುಚ್ಚಿಸ್ತದೆ.”

ಅಣ್ಣಯ್ಯನ ಮುಖ ಅರಳಿತು. “ಶಿವಮೊಗ್ಗ ಮಂಡೀಲಿ ಅಡಿಕೆ ದರ, ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ಮಂಜ ಅಲ್ಲಿಂದ್ಲೇ ಹೇಳ್ಬಹುದು, ನಾನು ಇಲ್ಲಿಂದ ಲೋಡು ಕಳಿಸದು.”

“ವ್ಯಾಪಾರದ ಮಾತು ಹ್ಯಾಮ್ ಬ್ಯಾಂಡಲ್ಲಿ ಹಂಗಿಲ್ಲ ಅಣ್ಣಯ್ಯ, ನಿಮಗೇ ಗೊತ್ತಲ್ಲ.”

“ಮತ್ತೆ ಎಂತ ಮಾತಾಡದು ಮಾರಾಯ್ತಿ?”

“ಮಳೆ.”

“ಹಂಗಾದ್ರೆ ಆ ಮೂರು ನಿಮಿಷದ ಟೈಮರು ತೆಗೆಸ್ಬೇಕು,” ಅಂದ್ರು ಅಣ್ಣಯ್ಯ.