ಸರ್ಫೇಸ್ ಏರಿಯಾ ಜಾಸ್ತಿ ಇದ್ದರೂ ಬಣ್ಣ ಯಾಕೆ ಹಿಡಿಯುತ್ತಿಲ್ಲ?

ಪ್ರಶ್ನೆ: ಮೇಡಂ, ನನ್ನ ಊರು ಮದ್ದೂರು, ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡ್ತಿದ್ದೇನೆ. ಎರಡು ತರದ ಪಾಲಿಸ್ಟೈರೀನ್ (ಒಂದು ಪ್ಲಾಸ್ಟಿಕ್) ಮಣಿ ಇವೆ. ಒಂದರ ಸರ್ಫೇಸ್ ಏರಿಯಾ, ಅಂದರೆ ಒಳಗಿನ ರಂಧ್ರಗಳ ಗೋಡೆಯೂ ಸೇರಿದ ಮೇಲ್ಮೈ, ಗ್ರಾಮಿಗೆ 1,100 ಚದರ ಮೀಟರ್, ಇನ್ನೊಂದರದ್ದು 500. ಕಾಂಗೋ ರೆಡ್ ಬಣ್ಣದ ನೀರಿಗೆ ಹಾಕಿ ಮೂರು ಗಂಟೆ ಶೇಕರ್‌ನಲ್ಲಿ ಇಟ್ಟರೆ 500ರದ್ದೇ ನೀರನ್ನು ತಿಳಿ ಮಾಡುತ್ತೆ, 1,100ರದ್ದು ಕೆಂಪಗೇ ಇರುತ್ತೆ. ಮೂರು ಸಲ ಮಾಡಿದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮದೇನೂ ತಪ್ಪಿಲ್ಲ. ಆ 1,100 ಅನ್ನೋ ಅಂಕಿ ಅಳೆದದ್ದು ರಂಧ್ರಗಳ ಗೋಡೆಗೆ ನೈಟ್ರೋಜನ್ ಅನಿಲ ಎಷ್ಟು ಅಂಟುತ್ತೆ ಅಂತ ನೋಡಿ, ಅಲ್ವಾ? ಆ ಅಣು ಸುಮಾರು 0.36 ನ್ಯಾನೋಮೀಟರ್. ಕಾಂಗೋ ರೆಡ್ ಅಣುವಿನ ಉದ್ದ 2 ನ್ಯಾನೋಮೀಟರ್‌ಗಿಂತ ಜಾಸ್ತಿ. ನಿಮ್ಮ ಊರಲ್ಲಿ ಸೈಕಲ್ ನುಗ್ಗುವ ಸಂದಿಗೆ ಕಬ್ಬಿನ ಗಾಡಿ ಹೋಗುತ್ತಾ? ಏರಿಯಾ ಅಷ್ಟು ಜಾಸ್ತಿ ಬಂದಿದೆ ಅಂದರೆ ಮಣಿಯ ತುಂಬ 2 ನ್ಯಾನೋಮೀಟರ್‌ಗಿಂತ ಕಿರಿದಾದ ರಂಧ್ರಗಳೇ ಇರಬೇಕು, ಜಾಗ ಇದೆ, ಆದರೆ ಬಣ್ಣಕ್ಕೆ ದಾರಿ ಇಲ್ಲ. ಏರಿಯಾ ಅಳೆದ ರಿಪೋರ್ಟಿನಲ್ಲಿ ಪೋರ್ ಸೈಜ್ (ರಂಧ್ರದ ಅಳತೆ) ಗ್ರಾಫ್ ಇರುತ್ತೆ, ಮೊದಲು ಅದನ್ನು ನೋಡಿ. ಬಣ್ಣದ ನೀರಲ್ಲಿದ್ದ ಆ ಮಣಿ ಒಂದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ, ಕೆಂಪು ಎಲ್ಲಿವರೆಗೆ ಹೋಗಿದೆ ಅಂತಲೂ ನೋಡಿ.

ಪ್ರಶ್ನೆ: ಹಾಗಾದರೆ ದೊಡ್ಡ ರಂಧ್ರವೇ ಒಳ್ಳೆಯದಾ? ಮುಂದೆ ಇದೇ ಮಣಿಗೆ ಕ್ರಿಯೆಯ ವೇಗ ಹೆಚ್ಚಿಸೋ ಸಲ್ಫೋನಿಕ್ ಆಮ್ಲ ಕೂರಿಸಿ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಬೇಕು ಅಂತಿದ್ದೇನೆ.

ಉತ್ತರ: ಯಾವಾಗಲೂ ಅಲ್ಲ. ಫೀನಾಲ್ ತರದ ಸಣ್ಣ ಅಣುವಿಗೆ ಕಿರಿದಾದ ರಂಧ್ರವೇ ವಾಸಿ, ಸುತ್ತಲಿನ ಗೋಡೆಗಳೆಲ್ಲ ಒಟ್ಟಿಗೆ ಹಿಡಿಯುತ್ತವೆ, ನೀರಲ್ಲಿ ಒಂಚೂರೇ ಇದ್ದರೂ ಬಿಡಲ್ಲ.

ಹೊಂಗೆ ಎಣ್ಣೆ ಲೆಕ್ಕವೇ ಬೇರೆ. ಅಲ್ಲಿ ಹಿಡಿದರೆ ಸಾಲದು, ಬಿಡಲೂಬೇಕು. ಎಣ್ಣೆಯಲ್ಲಿನ ಫ್ಯಾಟಿ ಆಸಿಡ್ ಒಳಗೆ ಹೋಗಿ ಮೆಥನಾಲ್ ಜೊತೆ ಸೇರಿ ಎಸ್ಟರ್ (ಅದೇ ಬಯೋಡೀಸೆಲ್) ಆಗಿ ಹೊರಗೆ ಬರಬೇಕು, ಜೊತೆಗೆ ನೀರೂ ಹುಟ್ಟುತ್ತೆ. ಆ ನೀರು ಆಮ್ಲದ ಮೇಲೇ ಕೂತುಬಿಟ್ಟರೆ ಕೆಲಸ ನಿಧಾನ. ರಂಧ್ರ ಇಕ್ಕಟ್ಟಾದರೆ ಒಳಗಿನ ಆಮ್ಲವೆಲ್ಲ ಸುಮ್ನೆ ಕೂತಿರುತ್ತೆ. ಅದಕ್ಕೆ ಅಗಲ ದಾರಿಯ ಮ್ಯಾಕ್ರೋಪೋರಸ್ ಮಣಿ ತಗೊಳ್ಳಿ. ಶಾಶ್ವತ ರಂಧ್ರಗಳಿಲ್ಲದ ಜೆಲ್ ಮಣಿ ಬೇಡ, ದ್ರವದಲ್ಲಿ ಸರಿಯಾಗಿ ಉಬ್ಬದಿದ್ದರೆ ಅದರ ದಾರಿಯೇ ತೆರೆಯಲ್ಲ. ಬಿಸಿ 120 ಡಿಗ್ರಿ ದಾಟಿಸಬೇಡಿ, ಆಮ್ಲದ ಗುಂಪು ಕಳಚಿಕೊಳ್ಳುತ್ತೆ.

ಪ್ರಶ್ನೆ: ಮೇಡಂ, ಈಗ ತಾನೇ ಕತ್ತರಿಸಿದೆ! ಅಂಚಲ್ಲಿ ಕೂದಲೆಳೆಯಷ್ಟು ಕೆಂಪು, ಒಳಗೆಲ್ಲ ಬಿಳಿ.

ಉತ್ತರ: ಫೋಟೋ ತೆಗೆದಿಡಿ, ಥೀಸಿಸ್‌ಗೆ ಹಾಕಿ. ಉಳಿದ ಮಣಿಗಳನ್ನು ಇನ್ನೆರಡು ದಿನ ಶೇಕರ್‌ನಲ್ಲೇ ಬಿಟ್ಟು ಮತ್ತೆ ಕತ್ತರಿಸಿ. ಕೆಂಪು ಒಳಗೆ ಸರಿದಿದ್ದರೆ ದಾರಿ ಇದೆ, ನಿಧಾನ ಅಷ್ಟೇ. ಅಲ್ಲೇ ನಿಂತಿದ್ದರೆ ರಂಧ್ರವೇ ಸಾಲದು, ಮಣಿ ಬದಲಾಯಿಸಿ.