ನಮ್ಮ ಚೆಸ್ ಎಂಜಿನ್ ಕಾಪಿ ಅಂತ ಎದುರು ತಂಡ ಹೇಳುತ್ತಿದೆ, ಏನು ಮಾಡೋದು?

ಬೆಣ್ಣೆನಗರಿ_ಪದಾತಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಾನು, ನನ್ನ ರೂಮ್‌ಮೇಟ್ ಸೇರಿ ಒಂದು ಚೆಸ್ ಎಂಜಿನ್ (ತಾನೇ ಚೆಸ್ ಆಡುವ ಪ್ರೋಗ್ರಾಂ) ಬರೆದಿದ್ದೇವೆ. ನಮ್ಮದೇ ಕ್ಲಾಸಿನ ಇನ್ನೊಂದು ತಂಡವೂ ಬರೆದಿದೆ. ಸಂಜೆ ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಎರಡನ್ನೂ ಆಡಿಸುತ್ತಿದ್ದೆವು, ಚೆನ್ನಾಗಿತ್ತು. ನಮ್ಮದು ಜಾಸ್ತಿ ಗೆಲ್ಲೋಕೆ ಶುರುವಾದ ಮೇಲೆ ಕ್ಲಾಸ್ ವಾಟ್ಸಾಪ್ ಗ್ರೂಪಿನಲ್ಲಿ ‘ಇದು ಕದ್ದ ಕೋಡ್’ ಅಂತ ಹಾಕಿದ್ದಾರೆ. ಅವರು ಕೊಡುವ ಸಾಕ್ಷಿ ಎರಡು. ಒಂದು, ಕಾಯಿಗಳ ಬೆಲೆ: ಪದಾತಿ 100, ಕುದುರೆ 320, ಒಂಟೆ 330, ಆನೆ 500, ರಾಣಿ 900. ಇದೇ ಅಂಕಿಗಳು ನೆಟ್‌ನಲ್ಲಿರುವ ಬೇರೆ ಎಂಜಿನ್‌ಗಳಲ್ಲೂ ಇವೆಯಂತೆ. ಎರಡು, ನಮ್ಮ ಪರ್ಫ್ಟ್ ಸಂಖ್ಯೆಗಳು (ಇಷ್ಟು ನಡೆಗಳಲ್ಲಿ ಆಟ ಒಟ್ಟು ಎಷ್ಟು ರೀತಿ ಸಾಗಬಹುದು ಅನ್ನೋ ಎಣಿಕೆ) ಸ್ಟಾಕ್‌ಫಿಶ್ ಅನ್ನುವ ಹೆಸರಾಂತ ಎಂಜಿನ್‌ಗೆ ಪೂರ್ತಿ ಹೊಂದುತ್ತವೆ. ಅದೇ ಗ್ರೂಪಿನಲ್ಲಿ ಖಾರವಾಗಿ ಉತ್ತರ ಕೊಡಬೇಕು ಅಂತ ರೂಮ್‌ಮೇಟ್ ಹೇಳುತ್ತಿದ್ದಾನೆ. ನನಗೆ ಆ ತಂಡದವರ ಸ್ನೇಹವೂ ಬೇಕು.

ದುರ್ಗದ_ಕುದುರೆ:
ತಮ್ಮ, ಮೊದಲು ಪರ್ಫ್ಟ್ ವಿಷಯ. ಆರಂಭದ ಸ್ಥಿತಿಯಿಂದ ಒಂದು ನಡೆಗೆ 20, ಎರಡಕ್ಕೆ 400, ಹೀಗೇ 8,902, 1,97,281, ಆಮೇಲೆ 48,65,609. ಚೆಸ್ ನಿಯಮ ಸರಿಯಾಗಿ ಬರೆದ ಪ್ರತಿ ಎಂಜಿನ್‌ಗೂ ಇದೇ ಬರಬೇಕು. ಬರಲಿಲ್ಲ ಅಂದರೆ ಕ್ಯಾಸ್ಲಿಂಗ್, ಆನ್‌ಪಾಸಾನ್ ಥರದ ವಿಶೇಷ ನಡೆಗಳಲ್ಲಿ ಎಲ್ಲೋ ತಪ್ಪಿದೆ ಅಂತ. ಅವರದ್ದೂ ಹೊಂದುತ್ತೆ ತಾನೇ? ಹಾಗಾದರೆ ಅವರೂ ಕದ್ದರಾ?

ಕಾಯಿಗಳ ಬೆಲೆಯೂ ಹಾಗೇ. ಆ ಅಂಕಿಗಳು ತೊಮಾಷ್ ಮಿಖ್ನಿಯೆವ್ಸ್ಕಿ ಅನ್ನುವವರು ಕಲಿಯುವವರಿಗೆ ಅಂತಲೇ ಬಿಟ್ಟುಕೊಟ್ಟ ಸರಳ ಕೋಷ್ಟಕದವು. ಚೆಸ್ ಪ್ರೋಗ್ರಾಮಿಂಗ್ ವಿಕಿಯಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ನಿಮ್ಮ ರೀಡ್‌ಮಿ ಫೈಲಿನಲ್ಲಿ (ಕೋಡ್ ಜೊತೆ ಇಡುವ ಪರಿಚಯದ ಫೈಲ್) ಅವರ ಹೆಸರು ಇದೆಯಾ? ಇಲ್ಲದಿದ್ದರೆ ಇವತ್ತೇ ಹಾಕಿ.

ಹಳೇಪೇಟೆ_ಆನೆ:
ಅಣ್ಣ ಹೇಳಿದ್ದು ಸರಿ, ಆದರೆ ಆರೋಪ ಎಲ್ಲರ ಮುಂದೆ ಬಂದಿದೆ, ಉತ್ತರವೂ ಎಲ್ಲರ ಮುಂದೆಯೇ ಬರಬೇಕು. ಸುಮ್ನಿದ್ದರೆ ಒಪ್ಪಿಕೊಂಡ ಹಾಗೆ ಆಗುತ್ತೆ. ರಿಬ್ಕಾ ಅನ್ನುವ ಎಂಜಿನ್ ಕಥೆ ನೆನಪಿದೆ ಅಲ್ವಾ? 2007ರಿಂದ 2010ರವರೆಗೆ ನಾಲ್ಕು ವರ್ಷ ವಿಶ್ವ ಚಾಂಪಿಯನ್. ಅದರಲ್ಲಿ ಕ್ರಾಫ್ಟಿ, ಫ್ರೂಟ್ ಎಂಜಿನ್‌ಗಳ ಕೋಡ್ ಇದೆ ಅಂತ ಬೇರೆ ಪ್ರೋಗ್ರಾಮರ್‌ಗಳು ದೂರು ಕೊಟ್ಟರು. 2011ರಲ್ಲಿ ಆ ವಿಶ್ವ ಸ್ಪರ್ಧೆ ನಡೆಸುವ ಐಸಿಜಿಎ ಸಂಸ್ಥೆ ಆ ಪದವಿಗಳನ್ನೆಲ್ಲ ಕಿತ್ತುಕೊಂಡು ಬರೆದವರಿಗೆ ಆಜೀವ ನಿಷೇಧ ಹಾಕಿತು. ಅದನ್ನು ಬರೆದ ವಾಸಿಕ್ ರೈಲಿಚ್ ಆರೋಪ ಒಪ್ಪಲಿಲ್ಲ, ಆದರೂ ಹೆಸರಿಗೆ ಅಂಟಿದ್ದು ಹೋಗಲಿಲ್ಲ.

ದುರ್ಗದ_ಕುದುರೆ:
@ಹಳೇಪೇಟೆ_ಆನೆ, ಅಲ್ಲಿ ರಿಬ್ಕಾ ಪ್ರೋಗ್ರಾಮನ್ನು ಬಿಚ್ಚಿ ನೋಡಿ ಬೇರೆ ಎಂಜಿನ್‌ಗಳ ಕೋಡ್ ಜೊತೆ ಹೋಲಿಸಿದರು, ಅಷ್ಟಾದರೂ ತಿಳಿದವರೇ ಎರಡು ಭಾಗವಾಗಿ ವರ್ಷಗಟ್ಟಲೆ ಜಗಳ ಆಡಿದರು. ಇಲ್ಲಿ ಇರೋದು ಐದು ಅಂಕಿ. ಕದ್ದಿದ್ದಾರೆ ಅನ್ನೋದು ಒಬ್ಬ ಹುಡುಗನ ಮೇಲೆ ಹೊರಿಸುವ ದೊಡ್ಡ ಮಾತು. ಹೊರಿಸುವ ಮೊದಲು ಎದುರಿಗೆ ಕೂತು ಕೇಳಬೇಕಿತ್ತು. ಅವರು ಹಾಗೆ ಮಾಡಲಿಲ್ಲ, ನೀವಾದರೂ ಮಾಡಿ. ಗಿಟ್ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ) ಇತಿಹಾಸ ತೆಗೆದು ತೋರಿಸಿ. ಮೊದಲು ಬರೆದ ಮುರುಕಲು ಕೋಡ್, ಆಮೇಲೆ ಸರಿಮಾಡಿದ್ದು, ಎಲ್ಲ ಅದರಲ್ಲಿ ಇರುತ್ತೆ. ಕದ್ದವರ ಹತ್ತಿರ ಅದು ಇರಲ್ಲ.

ಇನ್ನೊಂದು ಉದಾಹರಣೆ ಹೇಳುತ್ತೇನೆ, ನನಗೆ ಇದು ತುಂಬಾ ಇಷ್ಟ. ನಾರ್ವೆಯ ಟಾರ್ಡ್ ರೋಮ್‌ಸ್ಟಾಡ್ ಗ್ಲೌರುಂಗ್ ಅನ್ನುವ ಎಂಜಿನ್ ಬರೆದು ಕೋಡ್ ಎಲ್ಲರಿಗೂ ತೆರೆದಿಟ್ಟರು. 2008ರಲ್ಲಿ ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಅದನ್ನೇ ತೆಗೆದುಕೊಂಡು, ತಿದ್ದಿ, ಬೇರೆ ಹೆಸರಿಟ್ಟು ಬಿಟ್ಟರು. ಅದೇ ಸ್ಟಾಕ್‌ಫಿಶ್. ಎಲ್ಲಿಂದ ಬಂತು ಅನ್ನೋದನ್ನ ಮುಚ್ಚಿಡಲಿಲ್ಲ, ಕೋಡನ್ನೂ ಮುಚ್ಚಿಡಲಿಲ್ಲ. ಮೂಲ ಬರೆದವರು ಸಿಟ್ಟು ಮಾಡಿಕೊಳ್ಳೋದು ಬಿಟ್ಟು ತಮ್ಮ ಎಂಜಿನ್ ನಿಲ್ಲಿಸಿ ಅದೇ ತಂಡಕ್ಕೆ ಸೇರಿದರು! ಇದೇ ಸ್ಟಾಕ್‌ಫಿಶ್ ತಂಡ 2021ರಲ್ಲಿ ಚೆಸ್ ಸಾಫ್ಟ್‌ವೇರ್ ಮಾರುವ ಚೆಸ್‌ಬೇಸ್ ಕಂಪನಿ ಮೇಲೆ ಕೇಸು ಹಾಕಿತು, ತಮ್ಮ ಕೋಡ್ ಮೇಲೆ ಕಟ್ಟಿದ ಎಂಜಿನನ್ನು ಲೈಸೆನ್ಸ್ ಷರತ್ತು ಪಾಲಿಸದೆ ಮಾರುತ್ತಿದ್ದಾರೆ ಅಂತ. 2022ರಲ್ಲಿ ರಾಜಿ ಆಯಿತು. ತೆಗೆದುಕೊಂಡಿದ್ದಕ್ಕೆ ಜಗಳ ಆಗಲಿಲ್ಲ, ಹೇಳದೆ ಇದ್ದದ್ದಕ್ಕೆ ಆಯಿತು.

ಬೆಣ್ಣೆನಗರಿ_ಪದಾತಿ:
ತುಂಬಾ ಥ್ಯಾಂಕ್ಸ್ ಅಣ್ಣ. ರೀಡ್‌ಮಿಯಲ್ಲಿ ಆ ಕೋಷ್ಟಕದ ಹೆಸರು ಮೊದಲ ದಿನದಿಂದ ಇದೆ, ಅವರು ತೆರೆದು ನೋಡಿಲ್ಲ ಅಷ್ಟೇ. ನಡೆ ಹುಡುಕೋದನ್ನು ಬೇಗ ಮಾಡುವ ನಲ್ ಮೂವ್ ಥರದ ಉಪಾಯಗಳನ್ನು ಓದಿ ತಿಳಿದುಕೊಂಡೆವು, ಕೋಡ್ ನಮ್ಮದೇ. ನಾಳೆ ಲ್ಯಾಬ್‌ನಲ್ಲಿ ಅವರನ್ನು ಕೂರಿಸಿಕೊಂಡು ಗಿಟ್ ತೋರಿಸುತ್ತೇವೆ. ಆಮೇಲೆ ಗ್ರೂಪಿನಲ್ಲಿ ಅವರೇ ಬರೆಯಲಿ ಅಂತ ಕೇಳುತ್ತೇನೆ.

ಹಳೇಪೇಟೆ_ಆನೆ:
ಅವರು ಬರೆಯದಿದ್ದರೆ ನೀವು ಬರೆಯಿರಿ, ಬೈಗುಳ ಇಲ್ಲದೆ. ಇದನ್ನು ಮಾತ್ರ ಬಿಡಬೇಡಿ.

ಮೂರು_ಗಂಟೆಯ_ಗಡಿಯಾರ:
ತಡವಾಗಿ ಬಂದೆ. 1980ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಒಂದರಲ್ಲೇ ಚೆಸ್ ಕಂಪ್ಯೂಟರ್ ಕಟ್ಟುವ ಎರಡು ತಂಡ ಇದ್ದವು. ಒಂದು ಹಾನ್ಸ್ ಬರ್ಲಿನರ್ ಅವರ ಹೈಟೆಕ್, ಇನ್ನೊಂದು ವಿದ್ಯಾರ್ಥಿಗಳ ಡೀಪ್ ಥಾಟ್. ಆ ಹುಡುಗರೇ ಮುಂದೆ ಐಬಿಎಂಗೆ ಹೋಗಿ, 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿದ ಡೀಪ್ ಬ್ಲೂ ಕಟ್ಟಿದ್ದು. ಪಕ್ಕದಲ್ಲೇ ಒಬ್ಬ ಎದುರಾಳಿ ಇರೋದು ನಿಮಗೂ ಒಳ್ಳೆಯದೇ, ಅವರನ್ನು ಕಳೆದುಕೊಳ್ಳಬೇಡಿ.

ಮುಂದೆ ಆಡಿಸುವಾಗ ಷರತ್ತು ಮೊದಲೇ ಇಬ್ಬರೂ ಸೇರಿ ಬರೆದಿಡಿ. ಒಂದೇ ಲ್ಯಾಪ್‌ಟಾಪ್, ಒಂದೇ ಸಮಯ, ಪ್ರತಿ ಓಪನಿಂಗ್ (ಆರಂಭದ ನಡೆಗಳು) ಬಣ್ಣ ಬದಲಿಸಿ ಎರಡು ಸಲ. ಇಪ್ಪತ್ತು ಆಟದಲ್ಲಿ 12-8 ಬಂದರೆ ಯಾರು ಮೇಲು ಅಂತ ಹೇಳೋಕಾಗಲ್ಲ, ಸಾವಿರ ಆಟವಾದರೂ ಬೇಕು. ಎಂಜಿನ್‌ಗಳನ್ನು ಆಡಿಸುವ ಕ್ಯೂಟ್‌ಚೆಸ್ ಪ್ರೋಗ್ರಾಂ ಹಾಕಿ ರಾತ್ರಿ ಬಿಟ್ಟರೆ ತಾನೇ ಆಡಿಸುತ್ತೆ. ಆಟಗಳ ಫೈಲ್ ಎರಡೂ ತಂಡದ ಹತ್ತಿರ ಇರಲಿ.